ಸ್ಮಶಾನದಲ್ಲಿ ತೊಡಿಸಿದ ಉಂಗುರ

ಲುಬ್ಲಿನ್, 1932
ಯಹೂದಿ ಹೊಸ ವರ್ಷದ ಹಬ್ಬ ಕಳೆದು ಐದನೆಯ ದಿನ

ನನ್ನ ಗಂಡ ಮಾಟೆಸ್‌ಗೆ,

ನಿನ್ನನ್ನು ಹೀಗೆ ಕರೆಯುತ್ತಿರುವುದು ಇದೇ ಮೊದಲು, ಇದೇ ಕೊನೆ. ಇವಳಿಗೆ ತಲೆಕೆಟ್ಟಿದೆ ಎಂದು ನಗಬೇಡ. ಕೊನೆಯವರೆಗೆ ಓದು, ಓದಿದ ಮೇಲೆ ಕಾಗದವನ್ನು ಒಲೆಗೆ ಹಾಕು. ಬ್ಯೂನಸ್ ಐರಿಸ್‌ನ ನಿನ್ನ ನಾಟಕಶಾಲೆಯ ವಿಳಾಸ ಒಂದು ಹಳೆಯ ಪತ್ರಿಕೆಯ ಜಾಹೀರಾತಿನಲ್ಲಿ ಸಿಕ್ಕಿತು. ನೀನು ಈಗ ಅಲ್ಲಿ ಇಲ್ಲದಿದ್ದರೆ ನನ್ನ ಕಥೆ ಮುಗಿಯಿತು.

ನಾನು ಬ್ಲೂಮಾ. ಐದು ವರ್ಷದ ಹಿಂದೆ ನಿಮ್ಮ ಮೂಕಿ ಚಿತ್ರಕ್ಕೆ ಬಟ್ಟೆ ಹೊಲಿದವಳು. ದಿನಾ ನಿನ್ನ ಬೂಟಿನ ಮೇಲೆ ಆ ದೊಡ್ಡ ಕೋಳಿಪಾದಗಳನ್ನು ಕಟ್ಟುತ್ತಿದ್ದವಳು. "ಮೆಲ್ಲಗೆ ಕಣೇ ದರ್ಜಿಯಮ್ಮ, ದೆವ್ವಕ್ಕೂ ನೋವಾಗುತ್ತೆ" ಎಂದು ನೀನು ಕೂಗುತ್ತಿದ್ದೆ. ನಾನು ಬೇಕೆಂದೇ ಇನ್ನಷ್ಟು ಬಿಗಿಯುತ್ತಿದ್ದೆ. ಈಗಲಾದರೂ ನೆನಪಾಯಿತೆ?

ಊರಿಗೆ ಕಾಲರಾ ಬಂದಾಗ ಅನಾಥ ಹುಡುಗಿಯೊಬ್ಬಳಿಗೆ ಸ್ಮಶಾನದಲ್ಲಿ ಮದುವೆ ಮಾಡಿಸಿದರೆ ರೋಗ ತೊಲಗುತ್ತದೆ ಎಂದು ನಮ್ಮ ಅಜ್ಜಿಯರು ನಂಬಿದ್ದರು. ನಿಮ್ಮ ಡೈರೆಕ್ಟರ್ ಟಾಬಾಕ್‌ಮನ್ ಅದಕ್ಕೇ ಕೈಕಾಲು ಮೂಡಿಸಿ ಚಿತ್ರ ಮಾಡಿದ್ದ. ಎಲ್ಲಿಂದಲೋ ಬಂದ ಮದುಮಗ ದೆವ್ವ. ಮಾರನೆಯ ಬೆಳಗ್ಗೆ ನೆಲಕ್ಕೆ ಚೆಲ್ಲಿದ ಬೂದಿಯ ಮೇಲೆ ದೆವ್ವದ ಕೋಳಿಕಾಲಿನ ಗುರುತು. ನೀನು ಹಡಗು ಹತ್ತಿ ಹೋದ ಮೇಲೆ ಅದು ಇಲ್ಲಿ ಒಂಬತ್ತು ವಾರ ಓಡಿತು. ಮಟಮಟ ಮಧ್ಯಾಹ್ನ ತೆಗೆದದ್ದಕ್ಕೆ ನೀಲಿ ಬಣ್ಣ ಕೊಟ್ಟು ರಾತ್ರಿ ಮಾಡಿದ್ದರು. ಪಿಯಾನೋದವನು ದಡಬಡ ಬಾರಿಸಿದಾಗ ಹೆಂಗಸರೆಲ್ಲ ಚೀರುತ್ತಿದ್ದರು. ನಾನು ಹನ್ನೊಂದು ಸಲ ನೋಡಿದೆ, ಹನ್ನೊಂದು ಸಲವೂ ಅತ್ತೆ.

ಏಕೆಂದು ನಿನಗೆ ಗೊತ್ತು. ಮದುಮಗಳ ಪಾತ್ರಕ್ಕೆ ವಾರ್ಸಾದಿಂದ ಬಂದಿದ್ದ ಆ ನಟಿ "ಸತ್ತವರ ತಲೆ ಮೇಲೆ ನಿಂತು ನಾನು ಕುಣಿಯಲ್ಲ" ಎಂದು ಸ್ಮಶಾನದ ಗೇಟಿನ ಹೊರಗೇ ಕುಳಿತುಬಿಟ್ಟಳು. ಮುಖಪರದೆ ಹಾಕಿಸಿ ಅವಳ ಜಾಗದಲ್ಲಿ ನನ್ನನ್ನು ನಿಲ್ಲಿಸಿದರು. ಪರದೆ ಸರಿಸಿದಾಗ ಕಾಣುವ ಮುಖ ಅವಳದು, ಉಂಗುರ ತೊಡಿಸಿಕೊಳ್ಳುವ ಕೈ ನನ್ನದು. ಸೂಜಿ ಚುಚ್ಚಿದ ಕಲೆಗಳು ಸಿನಿಮಾದಲ್ಲಿ ಹಾಸುಗಲ್ಲಿನಷ್ಟು ದೊಡ್ಡದಾಗಿ ಕಾಣುತ್ತವೆ.

ಅಂದು ಬಿಸಿಲಿಗೆ ನಟರ ಅಂಟುಗಡ್ಡಗಳೆಲ್ಲ ಕಳಚಿ ಬೀಳುತ್ತಿದ್ದವು. ಟಾಬಾಕ್‌ಮನ್‌ಗೆ ಸಿಟ್ಟು ನೆತ್ತಿಗೇರಿತ್ತು. ಪ್ರಾರ್ಥನಾಮಂದಿರದಿಂದ ನಿಜವಾದ ಗಡ್ಡದ ಇಬ್ಬರು ಮುದುಕರನ್ನು, ಶಾಖ್ನೆಯನ್ನೂ ಯೋನೆಯನ್ನೂ, ಜೇನಿನ ಕೇಕು ತಿನ್ನಿಸಿ ಕರೆತಂದ. "ನೀವೇ ಮದುವೆಗೆ ಸಾಕ್ಷಿ, ಹುಡುಗನ ಬಾಯನ್ನೇ ನೋಡ್ತಾ ನಿಂತ್ಕೊಳ್ಳಿ" ಎಂದ. ಮಾತು ಕೇಳಿಸದ ಸಿನಿಮಾಕ್ಕೆ ಮಂತ್ರ ಏಕೆ ಎಂದು ನೀನು ಗೊಣಗಿದ್ದಕ್ಕೆ, "ಕೇಳ್ಸಲ್ಲ ನಿಜ ಕಣಯ್ಯ, ತುಟಿ ಕಾಣ್ಸುತ್ತಲ್ಲ! ನಮ್ ಜನ ತುಟಿ ನೋಡೇ ತಪ್ಪು ಹಿಡೀತಾರೆ. ಒಂದಕ್ಷರ ಬಿಡದೆ ಹೇಳು" ಎಂದ. ನೀನು ಹೇಳಿದೆ. ಈ ಉಂಗುರದಿಂದ ನೀನು ನನ್ನವಳು ಎಂಬ ಆ ಮಾತನ್ನು ಪೂರ್ತಿಯಾಗಿ, ಮೆಲ್ಲಗೆ, ನನ್ನ ಪರದೆಯ ಒಳಗೆ ಕಣ್ಣಿಟ್ಟು ಹೇಳಿದೆ.

ಆಮೇಲೆ ನೀನು ಉಂಗುರ ತೆಗೆದುಕೊಂಡು ಹೋದೆ. ಎರಡು ವಾರಕ್ಕೆ ಊರನ್ನೇ ಬಿಟ್ಟೆ.

ನಾನು ಎಲ್ಲವನ್ನೂ ನುಂಗಿಕೊಂಡು ಬದುಕಿದೆ. ಕಳೆದ ವರ್ಷ ಹೆನೆಖ್ ಎಂಬುವವನನ್ನು ಮದುವೆಯಾದೆ. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವನು. ಮಾತು ಕಡಿಮೆ, ಚಿನ್ನದಂಥ ಮನುಷ್ಯ. ಈಗ ನನಗೆ ಏಳು ತಿಂಗಳು.

ಹಬ್ಬಕ್ಕೆ ಹತ್ತು ದಿನವಿರುವಾಗ ಶಾಖ್ನೆ ಸಾಯಲು ಮಲಗಿದ. ದೇವರ ಮುಂದೆ ಹೋಗುವ ಮೊದಲು ಎದೆ ಹಗುರ ಮಾಡಿಕೊಳ್ಳಬೇಕೆಂದು ನಮ್ಮ ಗುರು ರಬ್ಬಿಯನ್ನು ಕರೆಸಿದ. "ಆಟ ಅಂದ್ಕೊಂಡು ನಿಂತೆ ಗುರುಗಳೇ. ಹುಡುಗ ನಿಜವಾದ ಮಾತೇ ಹೇಳ್ದ. ಹುಡುಗಿ ಬೆರಳು ಚಾಚಿದ್ಲು. ನಾನು ಕಣ್ಣಾರೆ ಕಂಡೆ, ಬಾಯಿ ಮುಚ್ಕೊಂಡಿದ್ದೆ" ಎಂದು ಹೇಳಿ ಕಣ್ಣು ಮುಚ್ಚಿದ. ಯೋನೆಯನ್ನು ಕರೆಸಿ ಕೇಳಿದರೆ ಅವನೂ ಹೌದೆಂದ.

ರಬ್ಬಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಕಣ್ಣೀರು ಹಾಕಿದರು. "ಹುಡುಗ ತನ್ನ ಸ್ವಂತ ಉಂಗುರ ತೊಡಿಸಿ, ಇಬ್ಬರು ಸಾಕ್ಷಿ ಮುಂದೆ ಆ ಮಾತು ಹೇಳಿದ್ರೆ ಮುಗೀತು ಮಗಳೇ. ತಮಾಷೆಗೆ ಹೇಳಿದ್ರೂ ಮದುವೆ ಮದುವೇನೇ. ನೀನು ಅವನ ಹೆಂಡ್ತಿ." ಅವನು ವಿಚ್ಛೇದನ ಬರೆದುಕೊಟ್ಟರೆ ಸಾಲದೇ ಎಂದೆ. "ಅದರಿಂದ ನಿನ್ನ ಕಟ್ಟು ಬಿಚ್ಚುತ್ತೆ. ಹೊಟ್ಟೇಲಿರೋ ಕೂಸಿಗೆ ಆಗಲ್ಲ. ಒಬ್ಬನ ಹೆಂಡ್ತಿಯಾಗಿದ್ದು ಇನ್ನೊಬ್ಬನಿಗೆ ಹೆರೋ ಮಗು ಅದು. ಹತ್ತು ತಲೆಮಾರು ನಮ್ಮವರು ಯಾರೂ ಹೆಣ್ಣು ಕೊಡಲ್ಲ, ತರಲ್ಲ."

ಅದೇ ದಿನ ಹೆನೆಖ್ ತನ್ನ ಹಾಸಿಗೆ ಸುತ್ತಿಕೊಂಡು ಅಕ್ಕನ ಮನೆಗೆ ಹೋದ. ನನ್ನ ಜೊತೆ ಒಂದೇ ಸೂರಿನಡಿ ಇರಲು ಅವನಿಗೆ ಅನುಮತಿಯಿಲ್ಲ. ಬೆಳಗ್ಗೆ ಬೆಳಗ್ಗೆ ಬಂದು ಬಾಗಿಲ ಹೊರಗೆ ರೊಟ್ಟಿ ಇಟ್ಟು ನಿಲ್ಲುತ್ತಾನೆ. "ಕಾಗದ ಬರೆದ್ಯಾ ಬ್ಲೂಮಾ? ಬೇಗ ಬರಿಯೇ. ಮಗು ಒದೀತಾ? ಎಲ್ಲಿ ಒದೀತು, ಹೇಳು" ಎನ್ನುತ್ತಾನೆ. ಬಾಗಿಲ ಈಚೆಯಿಂದ ನಾನು ಹೇಳುತ್ತೇನೆ. ಬಾವಿಕಟ್ಟೆಯ ಹೆಂಗಸರು ನನ್ನನ್ನು ಕಂಡರೆ "ಕೋಳಿಕಾಲಿನವನ ಹೆಂಡ್ತಿ ಬಂದ್ಲು, ಕಾಲು ನೋಡ್ರೇ" ಎಂದು ತಲೆವಸ್ತ್ರದ ಮರೆಯಲ್ಲಿ ನಗುತ್ತಾರೆ. ನಗಲಿ. ಹುಟ್ಟದ ಕೂಸನ್ನು ನೋಡಿ ನಗದಿದ್ದರೆ ಸಾಕು.

ಇರುವುದು ಒಂದೇ ದಾರಿ, ಅದನ್ನು ರಬ್ಬಿಯೇ ತೋರಿಸಿದರು. "ಉಂಗುರ ಯಾರದು? ಸಿನಿಮಾ ಕಂಪನಿದಾಗಿದ್ರೆ ಮದುವೆ ನಡೆದೇ ಇಲ್ಲ. ಪರರ ವಸ್ತು ಕೊಟ್ಟು ಯಾರೂ ಗಂಡ ಆಗಲ್ಲ. ಆದ್ರೆ ನಿನ್ನ ಮಾತು ನಡೆಯಲ್ಲ, ಅವನೇ ಅಲ್ಲಿನ ಧರ್ಮಸಭೆ ಮುಂದೆ ಹೇಳಿ ಬರೆದು ಕಳಿಸ್ಬೇಕು." ನಾನು ತಲೆ ತಗ್ಗಿಸಿ ನೆನಪಿಲ್ಲ ಎಂದೆ.

ನೆನಪಿಲ್ಲದೆ ಏನು ಮಾಟೆಸ್! ಸಮಾಧಿಕಲ್ಲಿನ ಮರೆಯಲ್ಲಿ ನಿನ್ನ ಪಾದ ಕಟ್ಟುತ್ತಿದ್ದೆ. ಕಂಪನಿಯ ಹಿತ್ತಾಳೆ ಉಂಗುರ ಕಾಣುತ್ತಿಲ್ಲ ಎಂದು ನಾನೇ ಹೇಳಿದೆ. ನೀನು ಕೊರಳಿನ ದಾರ ಬಿಚ್ಚಿ, "ಅಮ್ಮಂದು. ಯಾರಿಗೂ ಹೇಳ್ಬೇಡ" ಎಂದೆ. ನಮ್ಮಿಬ್ಬರನ್ನು ಬಿಟ್ಟು ಇನ್ನಾರೂ ಅದನ್ನು ನೋಡಲಿಲ್ಲ. ಸಿನಿಮಾ ಪರದೆಯ ಮೇಲೆ ಚಿನ್ನಕ್ಕೂ ಹಿತ್ತಾಳೆಗೂ ಒಂದೇ ಬಣ್ಣ.

ಇನ್ನು ಮೂರು ದಿನಕ್ಕೆ ಉಪವಾಸದ ದಿನ. ಅದಕ್ಕೆ ಮೊದಲು ಯಾರಿಗೆ ಅನ್ಯಾಯ ಮಾಡಿದ್ದೇವೋ ಅವರ ಕ್ಷಮೆ ಕೇಳಬೇಕು. ನಾನು ನಿನ್ನ ಕ್ಷಮೆ ಕೇಳಬೇಕಾಗಿದೆ. ಆ ಹಿತ್ತಾಳೆ ಉಂಗುರ ಕಳೆದಿರಲಿಲ್ಲ. ನನ್ನ ಅಂಗಿಯ ಮಡಿಕೆಯಲ್ಲಿ ಇತ್ತು. ನಾನೇ ಬಚ್ಚಿಟ್ಟಿದ್ದೆ.

ನನ್ನಪ್ಪ ಜೀವನವಿಡೀ ವಿಚ್ಛೇದನ ಪತ್ರ ಬರೆದ ಲಿಪಿಕಾರ. ಯಾವುದರಿಂದ ಮದುವೆ ಆಗುತ್ತದೆ, ಯಾವುದರಿಂದ ಆಗುವುದಿಲ್ಲ ಎಂದು ಕೇಳುತ್ತಲೇ ಬೆಳೆದವಳು ನಾನು. ನಿನಗೆ ಧರ್ಮದ ಗಂಧಗಾಳಿ ಇರಲಿಲ್ಲ. ನೀನು ನಟಿಸಿದೆ, ನಾನು ಮದುವೆಯಾದೆ. ಹಡಗಿನ ಟಿಕೆಟ್ ನಿನ್ನ ಜೇಬಿನಲ್ಲಿದೆ ಎಂದು ಗೊತ್ತಿತ್ತು. ಹೋಗುವ ಮೊದಲು ಒಂದು ಗಳಿಗೆಯಾದರೂ ನಿನ್ನವಳಾಗಬೇಕೆಂಬ ಹುಚ್ಚು. ನಿನ್ನ ಮೇಲೆ ಅಷ್ಟು ಆಸೆಯಿತ್ತು ನನಗೆ. ಆಮೇಲೆ ಅದು ಆಟವೆಂದು ನನಗೆ ನಾನೇ ಹೇಳಿಕೊಂಡು ಹೆನೆಖ್‌ನ ಕೈ ಹಿಡಿದೆ. ಆ ಕಥೆಯಲ್ಲಿ ದೆವ್ವ ನೀನಾಗಿರಲಿಲ್ಲ.

ಈಗ ನಿನ್ನನ್ನು ಸುಳ್ಳು ಹೇಳು ಎಂದು ಬೇಡುತ್ತಿದ್ದೇನೆ. ಹಿತ್ತಾಳೆಯ ಉಂಗುರವನ್ನು ಬಟ್ಟೆಯ ಚೂರಿನಲ್ಲಿಟ್ಟು ಹೊಲಿದು ಇದರ ಜೊತೆ ಕಳಿಸಿದ್ದೇನೆ. ಧರ್ಮಸಭೆಯ ಮುಂದಿಟ್ಟು, ನಾನು ತೊಡಿಸಿದ್ದು ಇದನ್ನೇ, ಇದು ಕಂಪನಿಯದು ಎಂದು ಹೇಳು. ಪಾಪವೆಲ್ಲ ನನ್ನ ತಲೆಯ ಮೇಲಿರಲಿ. ನಿನ್ನ ಕಾಲು ಹಿಡಿಯುತ್ತೇನೆ, ಎಷ್ಟು ಸಲ ಹಿಡಿದ ಕಾಲು ಅದು. ಕಾಗದ ಹೋಗಿ ಬರಲು ಎರಡು ತಿಂಗಳು, ಮಗುವಿಗೂ ಅಷ್ಟೇ. ಒಂದು ದಿನವೂ ತಡಮಾಡಬೇಡ.

ಸಮುದ್ರದಾಚೆ ನಿನಗೆ ತುಂಬಿದ ನಾಟಕಶಾಲೆಯೂ ತುಂಬಿದ ಮನೆಯೂ ಇರಲಿ. ನಿನ್ನ ಅಮ್ಮನ ಉಂಗುರ ಒಳ್ಳೆಯ ಬೆರಳೊಂದನ್ನು ಸೇರಲಿ. ಈ ವರ್ಷ ದೇವರು ನಿನ್ನ ಹೆಸರನ್ನು ಬದುಕಿನ ಪುಸ್ತಕದಲ್ಲಿ ಬರೆಯಲಿ, ಜಾಗ ಉಳಿದರೆ ಇನ್ನೂ ಹೆಸರಿಡದ ಒಂದು ಕೂಸನ್ನೂ.

ಎಂದೂ ನಿನ್ನ ಹೆಂಡತಿಯಾಗಿರದ,
ಬ್ಲೂಮಾ