ಹಮ್ದಾಳ ಮಗುವಿಗೆ ಮೊದಲ ಖರ್ಜೂರ

ಅಣ್ಣಾ,

ನಿನ್ನ ಮಗಳು ಹಮ್ದಾಗೆ ಗಂಡುಮಗು ಹುಟ್ಟಿದೆ. ಸುದ್ದಿ ಬಂದಾಗ ನಾವು ರಮ್ ಕಣಿವೆಯ ಮರಳುಗಾಡಿನಲ್ಲಿದ್ದೆವು. ಪ್ರತಿ ಚಳಿಗಾಲದಂತೆ ನಿನ್ನ ಗೆಳೆಯರು ಅವದ್ ಮತ್ತು ಫರಾಜ್ ನಡೆಯಲು ಹೊರಟಿದ್ದರು. ನೀನು ಕರೆದಾಗಲೆಲ್ಲ ಬಾಯಿಬಿಡದೆ ಮನೆಯಲ್ಲೇ ಉಳಿಯುತ್ತಿದ್ದ ನಾನು ಈ ಸಲ ಅವರ ಜೊತೆ ಹೋದೆ. ಹೋದ ವರ್ಷ ನಿನ್ನ ದೇಹ ಸಿಕ್ಕಿದ ಕೆಂಪು ಬಂಡೆಯ ತನಕ ನಡೆದೆವು. ಸಿಗ್ನಲ್ಲಿಗಾಗಿ ಫೋನು ಎತ್ತಿ ಹಿಡಿದು ದಿಬ್ಬ ಹತ್ತಿದ ಅವದ್, "ಲೇ, ತಾತ ಆದ್ಯಲ್ಲೋ!" ಎಂದು ಮೇಲಿನಿಂದ ನನಗೆ ಕೂಗಿದ. ತಾತ ನೀನು, ನಾನಲ್ಲ ಎಂದು ಯಾರೂ ತಿದ್ದಲಿಲ್ಲ.

ನಾವು ಮನೆ ಸೇರಿದಾಗ ಮಗುವಿಗೆ ಇನ್ನೂ ಖರ್ಜೂರ ಮುಟ್ಟಿಸಿರಲಿಲ್ಲ. ಮೊದಲ ಸಿಹಿ ಯಾರು ಮುಟ್ಟಿಸುತ್ತಾರೋ ಅವರ ಗುಣವೇ ಬರುತ್ತದೆ ಅಂತಾರಲ್ಲ. ಅದಕ್ಕೇ ಹಮ್ದಾ, ತನ್ನ ಮಗುವಿಗೆ ನೀನೇ ಮುಟ್ಟಿಸಬೇಕೆಂದು ಮದುವೆಯ ದಿನವೇ ನಿನ್ನಿಂದ ಮಾತು ತೆಗೆದುಕೊಂಡಿದ್ದಳು.

"ಇವನ ಕೈಲಿ ಬೇಡ ಕಣಮ್ಮ, ಮಗೂನೂ ಇವನ ಹಾಗೇ ಬಾಯೇ ಬಿಡಲ್ಲ," ಎಂದು ಫರಾಜ್ ನನ್ನ ಕಡೆ ತೋರಿಸಿ ನಕ್ಕ.

"ಇರಲಿ. ಚಿಕ್ಕಪ್ಪ, ನೀವೇ ಮುಟ್ಟಿಸಿ," ಎಂದಳು ಹಮ್ದಾ. ನನ್ನ ಮುಖ ನೋಡಲಿಲ್ಲ.

ಖರ್ಜೂರ ಮೆತ್ತಗೆ ಮಾಡಿ ಬೆರಳ ತುದಿಯಿಂದ ಮಗುವಿನ ಅಂಗುಳಕ್ಕೆ ಹಚ್ಚಿದೆ. ನೀನು ಹುಟ್ಟಿದಾಗ ಇಡೀ ಬಿಡಾರಕ್ಕೆ ಕೇಳುವಂತೆ ಅತ್ತಿದ್ದೆಯೆಂದು ಅಮ್ಮ ಹೇಳುತ್ತಿದ್ದಳು. ಇವನೂ ಹಾಗೇ ಅಳಲಿ ಎಂದು ಬಗ್ಗಿ ಕಾದೆ. ಮಗು ತುಟಿ ಚಪ್ಪರಿಸಿತು. ಆಮೇಲೆ ಸುಮ್ಮನೆ ನನ್ನನ್ನೇ ನೋಡುತ್ತ ಮಲಗಿತು.

"ಎಷ್ಟು ಸಾಧು ನೋಡ್ರೇ!" ಎಂದು ಹೆಂಗಸರೆಲ್ಲ ನಕ್ಕರು.

ಹಮ್ದಾ ನಗಲಿಲ್ಲ.