ಚಿಂಗಿಗೆ ಬೊಗಳಲು ಬರುತ್ತದೆ

ನವಿ ಪೇಠದ ಸೋಮೇಶ ಶೇಠರಿಗೆ,

ಅಕ್ಕಲಕೋಟ ರಸ್ತೆಯಲ್ಲಿ ಕಾಲು ಮುರಿದು ಬಿದ್ದಿದ್ದ ಚಿಂಗಿಯನ್ನು ನಾಲ್ಕು ತಿಂಗಳು ಸಾಕಿ, ಮನೆಯೊಳಗೆ ಇಟ್ಟುಕೊಳ್ಳುತ್ತೀರೆಂದು ನಿಮ್ಮ ಕೈಗೆ ಕೊಟ್ಟೆ. ನೀವು ಅದನ್ನು ಅರಿವೆ ಗೋದಾಮಿನ ಕಾವಲಿಗೆ ಕಟ್ಟಿ, ಬೊಗಳುವುದಿಲ್ಲವೆಂದು ಉಪವಾಸ ಕೆಡವಿದ್ದೀರಿ. ಮೇಲೆ "ಮಲಕಮ್ಮ ಮೂಕ ನಾಯಿ ಕೊಟ್ಟು ಮೋಸ ಮಾಡ್ಯಾಳ" ಎಂದು ಗಿರಾಕಿಗಳ ಮುಂದೆ ನಗುತ್ತೀರಂತೆ.

ಅದು ಮೂಕ ಅಲ್ಲರಿ. ನನ್ನ ಬಾಡಿಗೆ ಮನೆಯ ಮಾಲಕರು ಹೊರಗೆ ಹಾಕಿದರೆ ಎಲ್ಲಿ ಹೋಗಲಿ ಎಂಬ ಅಂಜಿಕೆಗೆ, ಬೊಗಳಿದಾಗಲೆಲ್ಲ ನಾನೇ ಸೆರಗಿನಿಂದ ಅದರ ಬಾಯಿ ಮುಚ್ಚುತ್ತಿದ್ದೆ. ತಪ್ಪು ನನ್ನದು, ಹಸಿವು ಅದಕ್ಕೇಕೆ?

ನಾಳೆ ಮುಂಜಾನೆ ರಿಕ್ಷಾ ತೆಗೆದುಕೊಂಡು ಬರುತ್ತೇನೆ. ಅಲ್ಲಿಯವರೆಗೆ ನೀರಾದರೂ ಇಡಿರಿ. ಸರಪಳಿ ನಿಮಗೇ ಇರಲಿ. ಮಾಲಕರಿಗೂ ಹೇಳಿ ಬಂದಿದ್ದೇನೆ: "ನಾಯಿ ಬರತೈತಿ, ಬೊಗಳತೈತಿ."

ಉತ್ತರ ಬರೆಯಬೇಡಿರಿ.

ಮಲಕಮ್ಮ, ಕುಂಭಾರಿ