ಜಂತಿಗೆ ಕಟ್ಟಿದ ಹತ್ತಿ

ಫೆಬ್ರುವರಿ 9, ಸೋಮವಾರ

ಕಾಕಾನ ನಗು ಇನ್ನೂ ಕಿವಿಯಲ್ಲಿದೆ.

ಪ್ರತಿ ಸುಗ್ಗಿಗೆ ಪಡಸಾಲೆಯ ಜಂತಿಗೆ ಜೋಳದ ತೆನೆಗಳನ್ನು ಕಟ್ಟುತ್ತಿದ್ದೆವು. ಅದು ಗುಬ್ಬಿಗಳ ಪಾಲು. ಈ ವರ್ಷ ಕಾಕಾ ಹೊಲಕ್ಕೆಲ್ಲ ಮೊದಲ ಸಲ ಹತ್ತಿ ಹಾಕಿದ. ಪದ್ಧತಿ ಬಿಡಬಾರದೆಂದು ಇಂದು ಹತ್ತಿಯ ಟೊಂಗೆಯನ್ನೇ ಅಲ್ಲಿ ಕಟ್ಟಿದ. ಹಿಂಡು ಬರುತ್ತಿದ್ದ ಜಾಗಕ್ಕೆ ಒಂದೇ ಗುಬ್ಬಿ ಬಂತು. ಕುಕ್ಕಿತು. ಕೊಕ್ಕಿಗೆ ಅಂಟಿದ ಅರಳೆಯನ್ನು ಜಂತಿಗೆ ತಿಕ್ಕಿ ಹಾರಿಹೋಯಿತು.

“ನೋಡವ್ವಾ ಶಾಂಭವಿ, ಗುಬ್ಬಿ ಅಂಗಿ ಹೊಲಿಸ್ಕೊಳ್ಳಾಕ ಹೊಂಟೈತಿ!” ಎಂದು ಕಾಕಾ ನನ್ನತ್ತ ನೋಡಿ ನಕ್ಕ.

“ತಿನ್ನಾಕ ಏನೈತೋ ಭೀಮಾಶಂಕರ ಅದರಾಗ?” ಎಂದಳು ಅವ್ವ.

“ಹೊಲದಾಗ ಹುಳಾ ತಿಂತಾವ ಬಿಡ್ರಿ ವೈನಿ.”

ಹುಳ! ಮತ್ತೆ ಮತ್ತೆ ಔಷಧ ಹೊಡೆದು ಹುಳ ಸಾಯಿಸಿದವನು ಅವನೇ. ಬೆಳವದ ಹಕ್ಕಿಗಳೂ ಈ ಸಲ ನಮ್ಮ ಹೊಲಕ್ಕೆ ಇಳಿಯಲಿಲ್ಲ. ನಾನು ಮಾತ್ರ ಎಂದಿನಂತೆ ತಲೆ ತಗ್ಗಿಸಿ, ಅಂಗಡಿಯಿಂದ ತಂದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದೆ. ಸಿಟ್ಟಿಗೆ ಒಂದೂ ದುಂಡಗಾಗಲಿಲ್ಲ.

ಈಗ ಟೊಂಗೆ ಕಿತ್ತು ಒಲೆಗೆ ಹಾಕಿ ಬಂದೆ. ನಾಳೆ ಕೇಳಿದರೆ ತಪ್ಪನ್ನು ಬೆಕ್ಕಿನ ಮೇಲೆ ಹಾಕುವುದಿಲ್ಲ. ನಾನೇ ಕಿತ್ತೆ, ಮುಂದಿನ ಸಲ ಬದುವಿನ ಗುಂಟ ನಾಲ್ಕು ಸಾಲಾದರೂ ಜೋಳ ಬಿತ್ತು ಎಂದು ಅವನ ಮುಖ ನೋಡಿ ಹೇಳುತ್ತೇನೆ. ಹೇಳಲೇಬೇಕು. ಇನ್ನೊಂದು ವರ್ಷ ಸುಮ್ಮನಿದ್ದರೆ, ಆಮೇಲೆ ತೆನೆ ಕಟ್ಟಿದರೂ ತಿನ್ನಲು ಯಾವ ಗುಬ್ಬಿ ಉಳಿದಿರುತ್ತದೆ?